ಭಂಡಾರ ತಿಂದ ಸ್ಕೂಟರು

ಮೆಂತ್ಯಪಲ್ಯ ಸೋಸುತ್ತ ಕೂತಿದ್ದೆ. ಬೆಳಿಗ್ಗೆ ಮಾರ್ಕೆಟ್ ಯಾರ್ಡಿನಿಂದ ತಂದ ನಾಲ್ಕು ಸೂಡು ಮೆಂತ್ಯ. ಹಳೆಯ ಪೇಪರು ಹಾಸಿಕೊಂಡು ಎಲೆ ಒಂದು ಕಡೆ, ದಂಟು ಒಂದು ಕಡೆ. ಆಗ ಫೋನು ಬಂತು. ಮೊಬೈಲಲ್ಲ, ಗೋಡೆಯ ಗೂಡಿನಲ್ಲಿ ಕ್ರೋಶಾದ ಹೊದಿಕೆ ಹೊದ್ದು ದೇವರ ಹಾಗೆ ಕೂತಿರುತ್ತಿತ್ತಲ್ಲ, ಆ ಫೋನು. ಆಫೀಸಿನಿಂದ ನಮ್ಮನೆಯವರು.

"ಗ್ಯಾರೇಜಿನ ಶಿಂದೆ ಫೋನ್ ಮಾಡಿದ್ದ. ನಿನ್ನ ಗಾಡಿ ಮುಗೀತಂತ," ಅಂದರು.

"ಮುಗೀತಂದ್ರ ಏನ್ರಿ?"

"ಅದರ ಆಟೊಮ್ಯಾಟಿಕ್ ಹೋಗೇದಂತ. ಪೂರಾ ಸೆಟ್ಟ ಬದಲ ಮಾಡಬೇಕಂತ. ಅದಕ್ಕಿಂತ ಕೊಟ್ಟಬಿಡೋದು ಛಲೋ ಅಂದ. ನಮ್ಮ ಆಫೀಸಿನ ಪಾಟೀಲರಿಗೆ ಹೇಳೇನಿ. ರವಿವಾರ ಮುಂಜಾನೆ ಬಂದು ಒಯ್ತಾರ."

"ಕೆಟ್ಟ ಗಾಡಿ ಒಯ್ದು ಪಾಟೀಲರು ಏನ್ ಮಾಡ್ತಾರ?"

"ಅವರ ಅಳಿಯಂದು ಗ್ಯಾರೇಜ್ ಅದ. ಬಿಚ್ಚಿ ಸಾಮಾನು ಮಾರತಾರ. ನಾ ಮಾತು ಕೊಟ್ಟೇನಿ, ಆತಲ್ಲ?"

ಆಯಿತೋ ಇಲ್ಲವೋ ನಾನು ಹೇಳುವುದರೊಳಗೆ ಫೋನಿಟ್ಟರು. ನಾನು ಮತ್ತೆ ಮೆಂತ್ಯದ ಮುಂದೆ ಕೂತೆ. ಬಿಚ್ಚಿ ಸಾಮಾನು ಮಾರುತ್ತಾರಂತೆ. ಅಂದಿನ ಪಲ್ಯದಲ್ಲಿ ಎಲೆಗಿಂತ ದಂಟೇ ಹೆಚ್ಚಿತ್ತು ಎಂದು ನಮ್ಮತ್ತೆ ಆಮೇಲೆ ಎಷ್ಟೋ ವರ್ಷ ಹೇಳುತ್ತಿದ್ದರು. ಇದ್ದಿರಬಹುದು. ಅಂದು ಬುಧವಾರ, ರವಿವಾರಕ್ಕೆ ನಡುವೆ ಮೂರೇ ದಿನ. ಮೂರು ದಿನವಾದರೂ ಇದೆಯಲ್ಲ ಎಂದು ದೇವರಿಗೆ ಅಲ್ಲಿಂದಲೇ ಕೈ ಮುಗಿದೆ. ಇವರು ನಾಳೆಯೇ ಎಂದು ಹೇಳಿದ್ದರೆ ನಾನೇನು ಮಾಡುವವಳಿದ್ದೆ?

ಆ ಗಾಡಿಯ ಬಗ್ಗೆ ನಿಮಗೆ ಸ್ವಲ್ಪ ಹೇಳಬೇಕು. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಆಗ ಪುಣೆಯಲ್ಲಿ ಯಾವ ಗಲ್ಲಿಗೆ ಹೋದರೂ ಮುಖಕ್ಕೆ ಓಢಣಿ ಸುತ್ತಿಕೊಂಡ ಹೆಣ್ಣುಮಕ್ಕಳು ಗೇರಿಲ್ಲದ ಸ್ಕೂಟರಿನ ಮೇಲೆ ಸೊಯ್ಯನೆ ಹೋಗುತ್ತಿದ್ದರು. ಅವರನ್ನು ನೋಡಿ ನೋಡಿ ನನಗೂ ಆಸೆ ಹುಟ್ಟಿತು. ಧಾರವಾಡದಲ್ಲಿ ಸೈಕಲ್ಲಿಗೂ ಹತ್ತದವಳು ನಾನು. ಮೂವತ್ತಾರನೆಯ ವಯಸ್ಸಿನಲ್ಲಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಮ್ಮ ಬಿಬವೇವಾಡಿಯ ಶಾಲೆಯ ಮೈದಾನದಲ್ಲಿ ಕಲಿತೆ. ಎರಡು ಸಲ ಗೋಲ್ ಪೋಸ್ಟಿಗೆ, ಒಂದು ಸಲ ಐಸ್ ಗೋಲಾದವನ ಗಾಡಿಗೆ ಗುದ್ದಿದೆ. ಗೋಲಾದವನು ಒಳ್ಳೆಯವನು, ಬೈಯುವ ಬದಲು ಒಂದು ಗೋಲಾ ಕೊಟ್ಟ. ಕಲಿಯುವುದಕ್ಕೆ ಅಂಥ ಕಷ್ಟವೇನಿಲ್ಲ. ಕ್ಲಚ್ಚಿಲ್ಲ, ಗೇರಿಲ್ಲ. ಬಲಗೈ ತಿರುವಿದರೆ ಹೋಗುತ್ತದೆ, ಬ್ರೇಕು ಹಿಡಿದರೆ ನಿಲ್ಲುತ್ತದೆ. ಗ್ಯಾಸ್ ಒಲೆಯ ಗುಂಡಿ ಇದಕ್ಕಿಂತ ಹೆಚ್ಚು ಹಟ ಮಾಡುತ್ತದೆ.

ಮೊದಮೊದಲು ಅತ್ತೆ ಆ ಸ್ಕೂಟರನ್ನು ಕಣ್ಣೆತ್ತಿ ನೋಡಲಿಲ್ಲ. "ಮನಿ ಸೊಸಿ ರಸ್ತಾದಾಗ ಭುರ್ರ ಅಂತ ಹೋಗೋದೇನ ಚೆಂದ?" ಎಂದು ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ಯೆರವಡಾದಿಂದ ಸುದ್ದಿ ಬಂತು, ಅವರ ತಂಗಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಾರೆಂದು. ನಾವೆಲ್ಲ ಚಿಗವ್ವ ಎನ್ನುತ್ತಿದ್ದೆವು ಅವರಿಗೆ. ಅಂದಿನಿಂದ ಚಿಗವ್ವನಿಗೆ ಮಂಚವೇ ಊರು. ಅತ್ತೆಗೋ ಮೊಣಕಾಲು ನೋವು. ಬಸ್ಸಿನ ಮೆಟ್ಟಿಲಿಗೆ ಕಾಲು ಏಳುವುದಿಲ್ಲ. ರಿಕ್ಷಾದವರನ್ನು ಕೇಳಿದರೆ ಯೆರವಡಾ ಎನ್ನುವುದರೊಳಗೆ "ನಾಹೀ" ಎಂದು ಮುಖ ತಿರುಗಿಸುತ್ತಾರೆ. ಮಗನಿಗೆ ಹೇಳಿದರೆ "ಬರೋ ರವಿವಾರ ಹೋಗೂಣವಾ." ಆ ಬರುವ ರವಿವಾರ ಪಂಚಾಂಗದಲ್ಲಿ ಎಲ್ಲೂ ಇರುತ್ತಿರಲಿಲ್ಲ. ಒಂದು ದಿನ ಅತ್ತೆ ತಾವೇ ಸ್ಕೂಟರಿನ ಹತ್ತಿರ ಬಂದು, ಸೀಟನ್ನು ಎಮ್ಮೆಯ ಬೆನ್ನು ತಟ್ಟಿದಂತೆ ತಟ್ಟಿ, "ಇದರ ಮ್ಯಾಲೆ ನನಗ ಕೂಡಲಿಕ್ಕೆ ಬರತದೇನ?" ಎಂದರು.

ಆಮೇಲೆ ಒಂದು ರವಿವಾರವೂ ತಪ್ಪಲಿಲ್ಲ. ಇಲಕಲ್ ಸೀರೆ, ಹಣೆಯ ಮೇಲೆ ಮನೆದೇವರ ಭಂಡಾರದ ಅರಿಷಿಣ, ಮಡಿಲಲ್ಲಿ ತಂಗಿಗೆಂದು ಕಟ್ಟಿಕೊಂಡ ರೊಟ್ಟಿಯ ಗಂಟು. ನನ್ನ ಹೆಗಲನ್ನು ಒಂದು ಕೈಯಲ್ಲಿ ಹಿಡಿದು, ಮುಂದೆ ಬಂದ ಲಾರಿಯವರಿಗೆಲ್ಲ ಕನ್ನಡದಲ್ಲಿ ಬೈಯುತ್ತ ಬರುತ್ತಿದ್ದರು. ಮಂಚದ ಮೇಲಿನ ತಂಗಿಗೆ ವಾರದಲ್ಲಿ ಆ ಒಂದೇ ಮುಂಜಾನೆ, ತಲೆಗೆ ನೀರು ಬೀಳುವುದೂ ಆಗಲೇ, ನನ್ನ ಕೈಯಿಂದ. ಅಕ್ಕನ ಸ್ಕೂಟರಿನ ಸದ್ದು ಗಲ್ಲಿಯ ತುದಿಯಲ್ಲೇ ಗುರುತು ಸಿಗುತ್ತದೆ ಎನ್ನುತ್ತಿದ್ದರು ಚಿಗವ್ವ. ಆ ಗಾಡಿ ಹೋದರೆ ಇಬ್ಬರು ಅಕ್ಕತಂಗಿಯರ ನಡುವೆ ಇಡೀ ಪುಣೆ ಅಡ್ಡ ಬಂದು ಕೂರುತ್ತದೆ. ಇದು ನಮ್ಮನೆಯವರಿಗೆ ಗೊತ್ತಿಲ್ಲ ಎಂದಲ್ಲ. ಗೊತ್ತಿದ್ದರೂ ಅವರ ಲೆಕ್ಕದಲ್ಲಿ ಅವ್ವ ಎಲ್ಲಿ ಬಿದ್ದಾಳೋ ಎಂಬ ಭಯ ದೊಡ್ಡದಿತ್ತು. ಭಯ ಸುಳ್ಳೆಂದು ನಾನೂ ಹೇಳುವುದಿಲ್ಲ. ಆದರೆ ಭಯಪಟ್ಟವರು ಬದಲಿ ದಾರಿ ತೋರಿಸಬೇಕು, ಇರುವ ದಾರಿಯನ್ನು ಪಾಟೀಲರಿಗೆ ಕೊಡಬಾರದು.

ಗಾಡಿ ಕೆಟ್ಟದ್ದು ಅದರ ಹಿಂದಿನ ರವಿವಾರ. ನಮ್ಮ ಮನೆಯಿಂದ ಹೊರಬಿದ್ದರೆ ಮೊದಲು ಏರು. ಅರ್ಧ ಏರು ಹತ್ತಿದ್ದೆವು. ಎಂಜಿನು ಇದ್ದಕ್ಕಿದ್ದಂತೆ ಕಿರುಚತೊಡಗಿತು. ನಾನು ಕೈ ತಿರುವಿದಷ್ಟೂ ಕಿರುಚುತ್ತದೆ, ಗಾಡಿ ಮಾತ್ರ ಇದ್ದಲ್ಲೇ. ಕೊನೆಗೆ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಅತ್ತೆ "ಮಲ್ಲಯ್ಯಾ!" ಎಂದು ಕೆಳಗೆ ಧುಮುಕಿದರು. ಎಪ್ಪತ್ತರ ಮುದುಕಿ, ಬೀಳದೆ ನಿಂತರು. ಅದಕ್ಕೇ ಒಂದು ತೆಂಗಿನಕಾಯಿ ಹೇಳಿಕೊಂಡೆ. ಅಲ್ಲಿ ಒಂದು ವಾಸನೆ ಬಂತು ನೋಡಿ: ರಬ್ಬರು ಸುಟ್ಟದ್ದು ಒಂದು, ಅದರೊಳಗೆ ಒಗ್ಗರಣೆ ಹೊತ್ತಿದಂಥದು ಇನ್ನೊಂದು. ಮನೆಯಲ್ಲಿ ಗ್ಯಾಸ್ ಬಂದ್ ಮಾಡದೆ ಬಂದೆನೇನೋ ಎಂದು ನಡುರಸ್ತೆಯಲ್ಲಿ ಮನೆಯ ಕಡೆ ತಿರುಗಿ ನೋಡಿದೆ. ಬೈಗುಳ ತಿನ್ನುವವರಂತೆ ನಾವಿಬ್ಬರೂ ಗಾಡಿಯ ಪಕ್ಕ ನಿಂತಿದ್ದಾಗ ಹಾಲಿನವನೊಬ್ಬ ತಳ್ಳಿ ಏರಿನ ಮೇಲಿದ್ದ ಶಿಂದೆಯ ಗ್ಯಾರೇಜಿಗೆ ಮುಟ್ಟಿಸಿದ.

ಆ ವಾಸನೆಯಲ್ಲಿ ಒಂದು ನನಗೆ ಚೆನ್ನಾಗಿ ಗೊತ್ತಿದ್ದದ್ದು. ಧಾರವಾಡದಲ್ಲಿ ಅಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಶಾಲೆ ಬಿಟ್ಟೊಡನೆ ನಾನು ಅಲ್ಲಿಗೇ ಓಡುತ್ತಿದ್ದೆ. ಹುಬ್ಬು, ರೆಪ್ಪೆ, ಕಿವಿಯ ಹಿಂದಿನ ಸಂದು, ಎಲ್ಲ ಬಿಳಿ ಬಿಳಿ. ಜೋಳ ಬೀಸಿದ ದಿನ ಒಂದು ಬಣ್ಣ, ಕಡಲೆಬೇಳೆ ಬೀಸಿದ ದಿನ ಒಂದು ಬಣ್ಣದಲ್ಲಿ ಮನೆಗೆ ಬರುತ್ತಿದ್ದೆ. ಅವ್ವ ನನ್ನ ತಲೆ ನೋಡಿಯೇ ಇಂದು ಯಾರ ಮನೆಯಲ್ಲಿ ಉಂಡಿ ಕಟ್ಟುತ್ತಾರೆಂದು ಹೇಳುತ್ತಿದ್ದಳು. ಎಂಜಿನಿನಿಂದ ಕಲ್ಲಿನ ತನಕ ಒಂದು ಉದ್ದನೆಯ ಪಟ್ಟಾ, ಕಲ್ಲು ತಿರುಗಿಸುವ ಬೆಲ್ಟು. ಪಟ್ಟಾದ ಮೇಲೆ ಹಿಟ್ಟು ಕೂತು ಮೆತ್ತಿಕೊಂಡರೆ ಅದು ಜಾರುತ್ತಿತ್ತು. ಎಂಜಿನು ಒದರುತ್ತದೆ, ಕಲ್ಲು ಮಾತ್ರ ಗಪ್ಪು. ಸುಟ್ಟ ವಾಸನೆ ಮೂಗಿಗೆ ಬಂದೊಡನೆ ಅಪ್ಪ ಎದ್ದು ಎಂಜಿನು ನಿಲ್ಲಿಸಿ, ಪಟ್ಟಾ ಒರೆಸಿ, ಸ್ವಲ್ಪ ರಾಳದ ಪುಡಿ ಉದುರಿಸುತ್ತಿದ್ದರು. "ಎಂಜಿನ್ ಒದರತದ, ಕಲ್ಲು ತಿರಗವಲ್ದು ಅಂದ್ರ ಮದಲ ಪಟ್ಟಾ ನೋಡಬೇಕ ತಂಗಿ. ಎಂಜಿನ್ ಬಿಚ್ಚಾಂವ ಹುಚ್ಚ," ಎನ್ನುತ್ತಿದ್ದರು. ನನಗಾಗ ಒಂಬತ್ತು ವರ್ಷ. ಯಾವ ಮಗ್ಗಿಯೂ ತಲೆಯಲ್ಲಿ ನಿಲ್ಲಲಿಲ್ಲ, ಇದು ನಿಂತಿತ್ತು.

ಹಾಗಾಗಿ ಮೆಂತ್ಯ ಸೋಸಿ ಮುಗಿಸಿ, ಚಪ್ಪಲಿ ಮೆಟ್ಟಿಕೊಂಡು, ಏರು ಹತ್ತಿ ಶಿಂದೆಯ ಗ್ಯಾರೇಜಿಗೆ ಹೋದೆ. ಶಿಂದೆ ಸೌಮ್ಯ ಮನುಷ್ಯ, ಚಹಾ ಕುಡಿಯುತ್ತಿದ್ದ. ಮರಾಠಿಯಲ್ಲಿ ನಮ್ಮ ಮಾತು ನಡೆಯಿತು. ಅತ್ತಿಗೆ ಎಂದು ಕರೆಯುವ ಅವನ ವಹಿನೀ ಒಂದನ್ನು ಬಿಟ್ಟು ಉಳಿದದ್ದನ್ನು ನಮ್ಮ ಭಾಷೆಯಲ್ಲೇ ಹೇಳುತ್ತೇನೆ.

"ಪಟ್ಟಾ ನೋಡಿದಿರಾ?" ಎಂದು ಕೇಳಿದೆ.

"ವಹಿನೀ, ಇದು ಆಟೊಮ್ಯಾಟಿಕ್. ಇದರಲ್ಲಿ ನೋಡುವುದೇನೂ ಇರುವುದಿಲ್ಲ. ಹೋದರೆ ಹೋಯಿತು."

"ಬಿಚ್ಚಿ ನೋಡಿದಿರಾ?"

"ಇದನ್ನು ಯಾರೂ ಬಿಚ್ಚುವುದಿಲ್ಲ, ವಹಿನೀ."

ಬಿಚ್ಚಿಯೇ ಇಲ್ಲ! ರೋಗಿಯ ನಾಡಿ ಮುಟ್ಟದೆ ಮಸಣಕ್ಕೆ ಚೀಟಿ ಬರೆದುಕೊಟ್ಟಂತಾಯಿತು. ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನನ್ನ ಮರಾಠಿ ಭಾಳ ಶುದ್ಧವಾಗುತ್ತದೆ. "ಕೀಲಿಕೈ ಕೊಡಿ," ಎಂದೆ. ಗ್ಯಾರೇಜಿನಿಂದ ನಮ್ಮ ಮನೆಗೆ ಪೂರಾ ಇಳಿಜಾರು. ಅಷ್ಟು ಕೃಪೆ ಆ ದೇವರದು. ಎಂಜಿನು ಚಾಲೂ ಮಾಡದೆ ಸೀಟಿನ ಮೇಲೆ ಕೂತು, ಕಾಲೆರಡೂ ಕೆಳಗೆ ಬಿಟ್ಟು, ಬ್ರೇಕು ಹಿಡಿದು ಹಿಡಿದು ಮನೆಯವರೆಗೆ ಬಂದೆ. ಎದುರಿನ ಮನೆಯ ಜೋಶಿ ಕಾಕು ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುವುದನ್ನು ಬಿಟ್ಟು ನೋಡಿದರು.

ಸಂಜೆ ಇವರು ಬಂದಾಗ ಸ್ಕೂಟರು ಜಿನೆಯ ಮೆಟ್ಟಿಲ ಕೆಳಗೆ ನಿಂತಿತ್ತು.

"ಇದನ್ಯಾಕ ತಂದಿ?"

"ರಿಪೇರಿ ಮಾಡ್ತೀನ್ರಿ."

"ನೀ? ನೀ ಏನ್ ಮಿಸ್ತ್ರೀನ?"

"ಮಿಸ್ತ್ರಿ ಅಲ್ಲ, ಗಿರಣಿಯವನ ಮಗಳು."

"ಕುಕ್ಕರಿನ ಗ್ಯಾಸ್ಕೆಟ್ ಹಾಕಿದಂಗ ಅಲ್ಲ ಅದು, ಸುಧಾ. ಆಟೊಮ್ಯಾಟಿಕ್ ಅದು. ರವಿವಾರ ಪಾಟೀಲರು ಬರ್ತಾರ, ನೆನಪಿಡು."

"ನಿಮಗ ಕುಕ್ಕರಿನ ಗ್ಯಾಸ್ಕೆಟ್ ಹಾಕಲಿಕ್ಕೆ ಬರತದೇನ್ರಿ?" ಎಂದೆ. ಒಳಗಿನಿಂದ ಅತ್ತೆ ಕೆಮ್ಮಿದರು. ನಗು ಬಂದಾಗ ಅವರು ಕೆಮ್ಮುತ್ತಿದ್ದರು.

ಗುರುವಾರ ಮಧ್ಯಾಹ್ನ ಎಲ್ಲರ ಊಟವಾಗಿ, ಪಾತ್ರೆ ತೊಳೆದು, ಬೆನಕನಿಗೆ ಕೈ ಮುಗಿದು ಕೆಳಗೆ ಹೋದೆ. ಇವರಿಗೆ ಆಫೀಸಿನ ಚೀಟಿ ಎತ್ತುವ ಆಟದಲ್ಲಿ ಬಂದಿದ್ದ, ನಟ್ಟು ಬಿಚ್ಚುವ ಪಾನೆಗಳ ಪೆಟ್ಟಿಗೆ ಕಪಾಟಿನ ಮೇಲೆ ಆರು ವರ್ಷದಿಂದ ಮುತ್ತೈದೆಯಂತೆ ಪ್ಲಾಸ್ಟಿಕ್ ಸುತ್ತಿಕೊಂಡು ಕೂತಿತ್ತು. ಅದನ್ನು ಒಡೆದೆ. ಅತ್ತೆ ಮಣೆ ಹಾಕಿಕೊಂಡು ಎದುರಿಗೆ ಕೂತರು. ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಎಲ್ಲಿಂದ ಬಂತೋ ಅದೇ ಕ್ರಮದಲ್ಲಿ ಒಗ್ಗರಣೆ ಡಬ್ಬಿಯ ಬಟ್ಟಲುಗಳಲ್ಲಿ ಇಟ್ಟೆ: ಮುಂದಿನವು ಸಾಸಿವೆಯ ಬಟ್ಟಲಲ್ಲಿ, ಹಿಂದಿನವು ಜೀರಿಗೆಯದರಲ್ಲಿ. ಹನ್ನೊಂದು ಸ್ಕ್ರೂ ಬಿಚ್ಚಿ, ಎಡಬದಿಯ ಉದ್ದನೆಯ ಮುಚ್ಚಳವನ್ನು ಎರಡೂ ಕೈಯಿಂದ ಎಳೆದೆ.

ಒಳಗೆಲ್ಲ ಹಳದಿ!

ಮುಚ್ಚಳದ ಒಳಮೈ, ಪಟ್ಟಾ, ಚಕ್ರ, ಮೂಲೆ ಮೂಲೆ, ಎಲ್ಲ ಕಡೆ ಅರಿಷಿಣ. ಕೆಲವು ಕಡೆ ಒಣಪುಡಿ. ಚಕ್ರದ ಹತ್ತಿರ ಗ್ರೀಸಿನಲ್ಲಿ ಕಲಸಿ ಹೋಳಿಗೆಯ ಹೂರಣದಂತೆ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಅತ್ತೆ ಎರಡೂ ಕೈ ಜೋಡಿಸಿದರು. "ಏಳುಕೋಟಿ ಏಳುಕೋಟಿಗೋ! ಮಲ್ಲಯ್ಯ ಒಳಗ ಕೂತಾನ!"

ಮಲ್ಲಯ್ಯ ಹೇಗೆ ಒಳಗೆ ಹೋದನೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಇಲ್ಲಿ ನಾನು ತಪ್ಪೊಪ್ಪಿಕೊಳ್ಳಬೇಕು. ನಮ್ಮ ಮನೆದೇವರು ಮೈಲಾರಲಿಂಗ, ಅತ್ತೆಯ ಬಾಯಲ್ಲಿ ಮಲ್ಲಯ್ಯ. ಪುಣೆಯಲ್ಲಿದ್ದವರಿಗೆ ಜೇಜುರಿಯ ಖಂಡೋಬಾ ಎಂದರೂ ಅವನೇ. ಒಂದು ಸೋಮವತಿ ಅಮಾವಾಸ್ಯೆಗೆ ನಾನು ಅತ್ತೆಯನ್ನು ಹಿಂದೆ ಕೂಡಿಸಿಕೊಂಡು ಸ್ಕೂಟರಿನ ಮೇಲೇ ಘಾಟು ಹತ್ತಿ ಜೇಜುರಿಗೆ ಹೋಗಿದ್ದೆ. ಇವರಿಗೆ ಹೇಳಿದ್ದು ಬಂದ ಮೇಲೆ. ಜನ ಎರಚಿದ ಭಂಡಾರಕ್ಕೆ ಅಂದು ಅಲ್ಲಿ ಆಕಾಶವೇ ಹಳದಿ. ಉಸಿರಾಡಿದರೆ ಅರಿಷಿಣ, ಸೀನಿದರೆ ಅರಿಷಿಣ. ದರ್ಶನ ಮುಗಿಸಿ ಬಂದು ಅತ್ತೆ ಗಾಡಿಗೂ ಪೂಜೆ ಮಾಡಬೇಕೆಂದರು. "ಚಾಲೂ ಮಾಡ. ಬಂದ್ ಇದ್ದಾಗ ಪೂಜಾ ಮಾಡಿದರ ನಿದ್ದಿಗಣ್ಣಾಗಿದ್ದವರಿಗೆ ಆರತಿ ಮಾಡಿದಂಗ," ಎಂದರು. ಚಾಲೂ ಮಾಡಿದೆ. ಎಡಗಡೆ ಮುಚ್ಚಳದ ಮುಂದೆ ಒಂದು ಸಣ್ಣ ಜಾಲರಿ, ಗಾಳಿ ಒಳಗೆಳೆಯುವುದಕ್ಕೆ. ಅತ್ತೆಯ ಕೈಯ ಭಂಡಾರವನ್ನು ಅದು ಸುರ್ರನೆ ಎಳೆದುಕೊಂಡಿತು.

"ನೋಡ, ಹೆಂಗ ತಿನ್ನಲಿಕ್ಕತ್ತೇದ!" ಎಂದು ಅತ್ತೆಗೆ ಎಳೆಮಗು ಗುಟುಕು ತೆಗೆದುಕೊಂಡಷ್ಟು ಸಂತೋಷ. ನಮ್ಮಲ್ಲಿ ಭಂಡಾರ ಹಣೆಗೂ ಹಚ್ಚುವುದು, ಬಾಯಿಗೂ ಹಾಕಿಕೊಳ್ಳುವುದು. ಗಾಡಿಗೆ ಬಾಯಿ ಇದೆ ಎಂದ ಮೇಲೆ ಅದನ್ನು ಉಪವಾಸ ಇಡುವುದು ಹೇಗೆ? ರವಿವಾರ ದೇವರ ವಾರ. ಅಂದಿನಿಂದ ಪ್ರತಿ ರವಿವಾರ ಯೆರವಡಾಕ್ಕೆ ಹೊರಡುವ ಮೊದಲು ಗಾಡಿ ಚಾಲೂ ಮಾಡಿ ಜಾಲರಿಗೆ ಒಂದು ಚಿಟಿಕೆ. ಅತ್ತೆಗೆ ಮೈಯಲ್ಲಿ ಆರಾಮಿಲ್ಲದ ದಿನ ನಾನೇ ಹಾಕಿದ್ದೇನೆ, ಅದೂ ಎರಡು ಚಿಟಿಕೆ. ಒಂದು ನನ್ನದು, ಒಂದು ಅವರ ಹೆಸರಿನದು. ಇಷ್ಟು ಮಾಡಿದವಳು ನಾನು, ಶಿಂದೆಗೆ ಬುದ್ಧಿ ಹೇಳಲು ಹೋಗಿದ್ದೆ.

ಆದರೆ ಒಣ ಭಂಡಾರವಷ್ಟೇ ಆಗಿದ್ದರೆ ಗಾಳಿಗೆ ಬಂದದ್ದು ಗಾಳಿಗೇ ಹೋಗುತ್ತಿತ್ತು. ಹಿಡಿದಿಟ್ಟದ್ದು ಗ್ರೀಸು. ಅದು ಎಲ್ಲಿಂದ ಬಂತೆಂದು ನೋಡಲು ಪಟ್ಟಾ ಸುತ್ತುವ ಮುಂದಿನ ಚಕ್ರ ಬಿಚ್ಚಬೇಕು; ನಟ್ಟು ಅಲ್ಲಾಡಲೊಲ್ಲದು. ಪಾನೆ ತಿರುಗಿಸಿದರೆ ಚಕ್ರವೇ ಜೊತೆಗೆ ತಿರುಗುತ್ತದೆ. ಮೇಲೆ ಹೋಗಿ ಇವರ ಚರ್ಮದ ಬೆಲ್ಟು ತಂದು ಚಕ್ರಕ್ಕೆ ಸುತ್ತಿ ಅತ್ತೆಯ ಕೈಗೆ ಕೊಟ್ಟೆ. "ಜಗ್ಗಿ ಹಿಡೀರಿ ಅತ್ತಿ, ಬಿಡಬ್ಯಾಡ್ರಿ." ಪಾನೆಯ ಹಿಡಿಕೆಗೆ ಪಡದೆಯ ಕಬ್ಬಿಣದ ಕೊಳವೆ ಸೇರಿಸಿ ಮೈಭಾರ ಹಾಕಿದೆ. ಅತ್ತೆ ಕಣ್ಣು ಮುಚ್ಚಿ "ಏಳುಕೋಟಿ" ಎಂದು ಜಗ್ಗಿದರು. ಕಟ್ ಎಂದಿತು. ಮೊದಲು ನನ್ನ ಸೊಂಟವೆಂದುಕೊಂಡೆ. ನಟ್ಟು!

ಒಳಗೆ ನೋಡಿದರೆ ಆಟೊಮ್ಯಾಟಿಕ್ ಎನ್ನುವುದು ಇಷ್ಟೇ: ಉಬ್ಬಿದ ಬೆನ್ನಿನ ಎರಡು ತಾಟುಗಳನ್ನು ಬೆನ್ನಿಗೆ ಬೆನ್ನು ಮಾಡಿ ಇಟ್ಟಂತೆ, ನಡುವಿನ ಸಂದಿನಲ್ಲಿ ಪಟ್ಟಾ, ಮುಂದೊಂದು ಜೋಡಿ, ಹಿಂದೆ ಗಾಲಿಯ ಹತ್ತಿರ ಇನ್ನೊಂದು ಜೋಡಿ. ಮುಂದಿನ ಒಂದು ತಾಟಿನ ಹಿಂದೆ ಆರು ಸಣ್ಣ ಉರುಳೆಗಳು. ಓಟ ಹೆಚ್ಚಿದಂತೆ ಉರುಳೆಗಳು ಹೊರಕ್ಕೆ ಸರಿದು ತಾಟನ್ನು ನೂಕುತ್ತವೆ, ಸಂದು ಕಿರಿದಾಗಿ ಪಟ್ಟಾ ಮೇಲೇರುತ್ತದೆ. ಬಿಚ್ಚಿದ ಮೇಲೆ ನನಗೆ ಭಯ ಹೋಗಿ ಸ್ವಲ್ಪ ನಿರಾಸೆಯೇ ಆಯಿತು. ಇಷ್ಟಕ್ಕೆ ಇಷ್ಟು ದೊಡ್ಡ ಹೆಸರೇ? ಉರುಳೆಗಳ ಮನೆಯ ತುಂಬ ಗ್ರೀಸು, ಉಪ್ಪಿನಕಾಯಿ ಜಾಡಿಗೆ ಎಣ್ಣೆ ಹೊಯ್ದಂತೆ. ಮಳೆಗಾಲದ ಮೊದಲು ಸರ್ವಿಸಿಂಗ್ ಮಾಡಿದಾಗ "ಗ್ರೀಸ್ ಭರಪೂರ ಹಾಕಿದ್ದೇನೆ ವಹಿನೀ" ಎಂದು ಶಿಂದೆ ಉಪಕಾರದ ದನಿಯಲ್ಲಿ ಹೇಳಿದ್ದು ನೆನಪಾಯಿತು. ಯಾರೂ ಬಿಚ್ಚದ್ದನ್ನು ಅಂದು ಬಿಚ್ಚಿದ್ದನಲ್ಲ ಹಾಗಾದರೆ! ಅದು ಬಿಸಿಗೆ ಕರಗಿ ಸಿಡಿದು ಪಟ್ಟಾದ ಮೇಲೆ ಬಿದ್ದಿದೆ, ನಮ್ಮ ಪ್ರಸಾದವೂ ಅಲ್ಲಿಗೇ ಬಂದು ಸೇರಿದೆ. ಉರುಳೆಗಳು ಅಂಟಿಕೊಂಡು, ಉರುಳದೆ ತಿಕ್ಕಿ ತಿಕ್ಕಿ ಒಂದೊಂದು ಮಗ್ಗುಲು ಚಪ್ಪಟೆಯಾಗಿದ್ದವು. ಅದರಲ್ಲೊಂದು ಇಂದಿಗೂ ನನ್ನ ಹೊಲಿಗೆ ಡಬ್ಬಿಯಲ್ಲಿದೆ.

ಪಟ್ಟಾ ಕೈಗೆ ಬಂತು. ಗಿರಣಿಯಲ್ಲಿ ಅಪ್ಪ ಮಾಡುತ್ತಿದ್ದಂತೆ ಒಳಮೈ ಹೊರಗೆ ಮಾಡಿ ಬಗ್ಗಿಸಿ ನೋಡಿದೆ. ಒಂದು ಬಿರುಕಿಲ್ಲ. ಮೇಲಿನ ಜಾರುವ ಪದರು ಬಿಟ್ಟರೆ ಪಟ್ಟಾ ಗಟ್ಟಿ. ಇದಕ್ಕಿಂತ ದೊಡ್ಡ ಪ್ರಸಾದ ಇನ್ನೇನು ಬೇಕು? ಅಂಟುವಾಳಕಾಯಿ ನೆನೆಹಾಕಿದ ನೀರು ತಂದು ತಿಕ್ಕಲು ಕೂತೆ.

"ನಿಂದ್ರ," ಎಂದರು ಅತ್ತೆ. "ಅದು ಭಂಡಾರ. ತೊಳದು ಗಟಾರಕ್ಕ ಬಿಡ್ತೀಯೇನ?"

ನನ್ನ ಕೈ ನಿಂತಿತು. ಮಾತು ನಿಜ. ಪ್ರಸಾದ ಕಾಲಿಗೆ ಸಿಗಬಾರದು, ಗಟಾರಕ್ಕಂತೂ ಅಲ್ಲವೇ ಅಲ್ಲ. ಒಣಪುಡಿಯನ್ನು ಮೆತ್ತನೆಯ ಕುಂಚದಿಂದ ಪೇಪರಿಗೆ ಉದುರಿಸಿ ತುಳಸಿಯ ಬುಡಕ್ಕೆ ಹಾಕಿದೆವು. ಗ್ರೀಸು ಕಲೆತದ್ದರ ಗತಿ? ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, ಎಣ್ಣೆ ಸೇರಿದ್ದು ದೀಪಕ್ಕೆ ಸಲ್ಲುತ್ತದೆ, ಬತ್ತಿ ಹಾಕಿ ಹಚ್ಚೋಣವೆಂದರು. ದೇವರ ಮನೆಯಲ್ಲಿ ಗ್ರೀಸಿನ ದೀಪ! "ಅತ್ತಿ, ಹೊಗಿಗೆ ಮಲ್ಲಯ್ಯನ ಎದ್ದು ಹೊರಗ ಬರತಾನ," ಎಂದು ಹೇಳಿ ತಡೆದೆ. ಕೊನೆಗೆ ಎಲ್ಲ ಕೆರೆದು, ತೊಳೆದ ನೀರನ್ನೂ ಬಕೆಟ್ಟಿನಲ್ಲಿ ಹಿಡಿದು, ಕಂಪೌಂಡಿನ ಮೂಲೆಯ ದಾಸವಾಳದ ಪಕ್ಕ ಕುಣಿ ತೋಡಿ ಹೂತು, ಎರಡು ಅಕ್ಷತೆ ಹಾಕಿದೆವು. ಜೋಶಿ ಕಾಕು ಮೇಲಿನಿಂದ "ಕಾಯ್ ಪುರಲಂ ಹೋ?" ಎಂದು ಕೇಳಿದರು, ಏನು ಹೂತಿರಿ ಎಂದು. "ಗ್ರೀಸ್," ಎಂದರು ಅತ್ತೆ ಗಂಭೀರವಾಗಿ. ತುಳಸಿ ಆ ವರ್ಷ ಎದೆಯೆತ್ತರ ಬೆಳೆಯಿತು. ದಾಸವಾಳ ಮಾತ್ರ ಉಳಿಯಲಿಲ್ಲ.

ಶುಕ್ರವಾರ ಬಸ್ಸು ಹಿಡಿದು ನಾನಾ ಪೇಠಕ್ಕೆ ಹೋದೆ. ಬಿಡಿಭಾಗದ ಅಂಗಡಿಗಳ ಸಾಲು. ಪರ್ಸಿನಿಂದ ಚಪ್ಪಟೆಯಾದ ಉರುಳೆ ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಇಂಥವು ಆರು ಬೇಕೆಂದೆ.

"ಮಿಸ್ತ್ರೀಲಾ ಪಾಠವಾ, ತಾಈ," ಎಂದ ಅಂಗಡಿಯವನು. ಮಿಸ್ತ್ರಿಯನ್ನು ಕಳಿಸಬೇಕಂತೆ.

"ಮೀಚ ಮಿಸ್ತ್ರೀ," ಎಂದೆ. ನಾನೇ.

ಅವನು ನನ್ನ ಕುಂಕುಮ ನೋಡಿದ, ಬಳೆ ನೋಡಿದ, ಉಗುರಿನ ಸಂದಿನ ಕರಿ ನೋಡಿದ. ಕರಿಯನ್ನು ನಂಬಿದನೆಂದು ಕಾಣುತ್ತದೆ. ಆರು ಹೊಸ ಉರುಳೆ ಕಟ್ಟಿಕೊಟ್ಟು, ಇವಕ್ಕೆ ಗ್ರೀಸು ಮುಟ್ಟಿಸಬೇಡಿ, ಒಣಗಿಯೇ ಇರಬೇಕು ಎಂದ. ಆ ಮಾತನ್ನು ಶಿಂದೆಗೆ ಕೇಳುವಂತೆ ಬಿಬವೇವಾಡಿಯ ತನಕ ಕೂಗಿ ಹೇಳಬೇಕೆನ್ನಿಸಿತು.

ಶನಿವಾರ ಮಧ್ಯಾಹ್ನ ಜೋಡಿಸಿದೆ. ತಾಟುಗಳನ್ನು ಪೆಟ್ರೋಲಿನ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಣಗಿದ ಪಟ್ಟಾ ಹಾಕಿ, ಸಾಸಿವೆ ಜೀರಿಗೆ ಬಟ್ಟಲುಗಳೆಲ್ಲ ಖಾಲಿಯಾದಾಗ ನನಗೆ ಎಷ್ಟು ಹೆಮ್ಮೆಯೆಂದರೆ, ಪರೀಕ್ಷೆ ಮಾಡುವ ಮೊದಲೇ ಅತ್ತೆಗೆ ಸಕ್ಕರೆ ಹಂಚಿದೆ. ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಚಾಲೂ ಮಾಡಿದೆ. ನಾನು ಕೈ ತಿರುವಿಯೇ ಇಲ್ಲ, ಹಿಂದಿನ ಗಾಲಿ ಹುಚ್ಚು ಹಿಡಿದಂತೆ ತಿರುಗತೊಡಗಿತು. ಸಕ್ಕರೆ ಬಾಯಲ್ಲೇ ಕಹಿಯಾಯಿತು. ಆಗಲೇ ಇವರು ಬರಬೇಕೇ? ಅರ್ಧ ದಿನದ ಆಫೀಸು ಮುಗಿಸಿ ಬಂದು, ತಿರುಗುವ ಗಾಲಿ ನೋಡಿ, ನನ್ನ ಮುಖ ನೋಡಿ, ಅತ್ತೆಯ ಕೈಯಲ್ಲಿದ್ದ ತಮ್ಮ ಬೆಲ್ಟನ್ನೂ ನೋಡಿದರು.

"ಸಾಕು ಮಾಡ, ಸುಧಾ," ಎಂದರು. ಬೈದಿದ್ದರೆ ಒಳ್ಳೆಯದಿತ್ತು, ಕರುಣೆಯಿಂದ ಹೇಳಿದರು. "ಕೈ ಸಿಕ್ಕರ ಏನ್ ಗತಿ? ಪಾಟೀಲರು ನಾಳೆ ಒಯ್ಲಿ."

"ನಾಳೆ ಇನ್ನ ಆಗಿಲ್ಲ," ಎಂದೆ.

ಅವರು ಮೇಲೆ ಹೋದರು. ನಾನು ಮತ್ತೆ ಹನ್ನೊಂದು ಸ್ಕ್ರೂ ಬಿಚ್ಚಿದೆ. ನೋಡಿದರೆ ಮುಂದಿನ ತಾಟುಗಳ ನಡುವೆ ಪಟ್ಟಾ ಬಿಗಿಯಾಗಿ ಕಚ್ಚಿ ಮೇಲಕ್ಕೆ ಎದ್ದು ಕೂತಿತ್ತು. ಗಾಡಿ ನಿಂತಲ್ಲೇ ಪೂರ್ತಿ ಓಟದ ಲೆಕ್ಕದಲ್ಲಿತ್ತು. ಹಿಂದಿನ ಜೋಡಿಯನ್ನು ಅಗಲಿಸಿ ಪಟ್ಟಾವನ್ನು ಅಲ್ಲಿ ಆಳಕ್ಕೆ ಇಳಿಸಿದರೆ ಮುಂದೆ ಸಡಿಲು ಸಿಗುತ್ತದೆ. ಲಂಗದ ಲಾಡಿ ಒಂದು ಕಡೆ ಜಗ್ಗಿದರೆ ಇನ್ನೊಂದು ಕಡೆ ಬಿಡುವುದಿಲ್ಲವೇ, ಹಾಗೆ. ಅತ್ತೆ ಹಿಂದಿನ ತಾಟುಗಳನ್ನು ಅಗಲಿಸಿ ಹಿಡಿದರು, ನಾನು ಪಟ್ಟಾ ಒತ್ತಿದೆ, ಮುಂದಿನ ನಟ್ಟು ಈ ಸಲ ಕೊನೆಯವರೆಗೆ ಕೂತಿತು. ಚಾಲೂ ಮಾಡಿದೆ. ಎಂಜಿನು ಗುರುಗುಟ್ಟಿತು, ಗಾಲಿ ಸುಮ್ಮನಿತ್ತು. ಕೈ ತಿರುವಿದೆ; ತಿರುಗಿತು. ಬಿಟ್ಟೆ, ನಿಂತಿತು. ಈ ಸಲ ಸಕ್ಕರೆ ಹಂಚಲಿಲ್ಲ. ಸ್ಟ್ಯಾಂಡಿನ ಮೇಲೆ ತಿರುಗುವುದು ದೊಡ್ಡ ಮಾತಲ್ಲ. ಏರು ಹತ್ತಬೇಕು, ಅತ್ತೆಯ ಭಾರ ಹೊತ್ತು ಹತ್ತಬೇಕು.

ರವಿವಾರ ಬೆಳಿಗ್ಗೆ ಒಂಬತ್ತಕ್ಕೆ ಪಾಟೀಲರು ಬಂದರು. ಬೆಳಗಾವಿಯ ಕಡೆಯ ಮನುಷ್ಯ, ದೊಡ್ಡ ಮೀಸೆ, ಅಷ್ಟೇ ದೊಡ್ಡ ನಗು. ಹಗ್ಗ ಕಟ್ಟಿ ಎಳೆದೊಯ್ಯಲು ಟೆಂಪೊ ಬೇರೆ ತಂದಿದ್ದರು. "ಎಲ್ಲಿ ಅದರೀ ವೈನಿ ನಿಮ್ಮ ಸತ್ತ ಕುದರಿ?" ಎಂದರು.

ನಾನು ಹೋಗಿ ಚಾಲೂ ಮಾಡಿದೆ. ಪಾಟೀಲರು ಸದ್ದು ಕೇಳಿ ಕಿವಿ ನಿಮಿರಿಸಿದರು, ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ನಗು ಇನ್ನೂ ಹಿಗ್ಗಿತು. "ಏನ್ರೀ ಸಾಹೇಬ್ರ, ಇದು ಛಲೋ ಚಾಲೂ ಅದಲ್ಲ! ಮತ್ತ ಬಿಚ್ಚೋದ್ಯಾಕ, ನಮ್ಮ ಮಗಳಿಗೆ ಹಿಂಗ ಆಗತದ. ಹೇಳಿದಂಗ ನಾನ ಒಯ್ತೀನಿ."

ಇದನ್ನು ನಾನು ಯೋಚಿಸಿರಲೇ ಇಲ್ಲ. ಮೂರು ದಿನ ಕೈ ಕರಿ ಮಾಡಿಕೊಂಡು ಪಾಟೀಲರ ಮಗಳ ಗಾಡಿ ರಿಪೇರಿ ಮಾಡಿದೆನೇ? ಇವರು ನನ್ನ ಕಡೆ ನೋಡದೆ, "ಹೂಂ, ಮಾತು ಕೊಟ್ಟೇನಿ..." ಎಂದು ರಾಗ ಎಳೆದರು.

"ಏನಂತ ಮಾತು ಕೊಟ್ಟೀರಿ?" ಎಂದು ಕೇಳಿದೆ. ಹೊರಗಿನವರ ಎದುರಿಗೆ ಅವರಿಗೆ ನಾನು ಹಾಗೆ ದನಿ ಎತ್ತಿದ್ದು ಅದೇ ಮೊದಲು. "ಆಟೊಮ್ಯಾಟಿಕ್ ಹೋದ ಗಾಡಿ ಕೊಡ್ತೀನಿ ಅಂದ್ರಿ, ಹೌದಲ್ಲ? ಅಂಥಾ ಗಾಡಿ ಈ ಮನ್ಯಾಗ ಇಲ್ರಿ. ಇದ್ದರ ಹುಡಿಕಿ ಕೊಡ್ರಿ."

ಪಾಟೀಲರು ಮೀಸೆಯ ಮೇಲೆ ಕೈ ಇಟ್ಟುಕೊಂಡರು. "ಖರೆ ರಿಪೇರಿ ಆಗೇದೋ ಇಲ್ಲೋ ಏರಿನ ಮ್ಯಾಲ ಗೊತ್ತಾಗತದ, ವೈನಿ," ಎಂದರು, ಕುಚೋದ್ಯಕ್ಕೆ.

"ನಡೀ, ಗೊತ್ತ ಮಾಡೂಣು," ಎಂದರು ಅತ್ತೆ. ಇಲಕಲ್ ಸೀರೆಯುಟ್ಟು, ಗಂಟು ಕಟ್ಟಿಕೊಂಡು, ಆಗಲೇ ಬಾಗಿಲಿಗೆ ಬಂದು ನಿಂತಿದ್ದರು. ಹೊರಡುವ ಮೊದಲು ಭಂಡಾರದ ಚೀಲ ತೆಗೆದರು. ಅತ್ತೆ ಜಾಲರಿಯ ಕಡೆ ಹೋಗಲಿಲ್ಲ, ಗಾಡಿಯ ಮುಂದಿನ ದೀಪಕ್ಕೆ, ಹಣೆಗೆ ಹಚ್ಚಿದಂತೆ, ಒಂದೇ ಒಂದು ಬೊಟ್ಟು ಇಟ್ಟು, "ಇನ್ನ ಮ್ಯಾಲೆ ಇಷ್ಟ. ಪ್ರಸಾದದ್ದೇನೂ ತಪ್ಪಿಲ್ಲ, ಗ್ರೀಸಿಂದ ತಪ್ಪು," ಎಂದರು. ಆ ತೀರ್ಪನ್ನು ನಾನು ಇಂದಿಗೂ ಒಪ್ಪುತ್ತೇನೆ.

ಸೀಟಿಗೆ ಅವರ ಕಾಲು ಏಳಲಿಲ್ಲ. ನಾನು ಹ್ಯಾಂಡಲ್ ಬಿಡುವಂತಿಲ್ಲ. ಯಾರೂ ಹೇಳದೆಯೇ ಇವರು ಒಳಗೆ ಹೋಗಿ ಮಣೆ ತಂದು ಅವ್ವನ ಕಾಲ ಹತ್ತಿರ ಇಟ್ಟು, ರಟ್ಟೆ ಹಿಡಿದು ಹತ್ತಿಸಿದರು. ಹತ್ತಿಸಿ, ಸೀರೆಯ ನಿರಿಗೆ ಗಾಲಿಗೆ ಸಿಗದಂತೆ ಸರಿಮಾಡಿದರು. "ಸಾವಕಾಶ ಹೋಗ್ರಿ," ಎಂದರು ನೆಲ ನೋಡುತ್ತ. ಆಮೇಲೆ ಸಣ್ಣ ದನಿಯಲ್ಲಿ, "ಊಟಕ್ಕ?"

"ಎಲ್ಲಾ ಆಗೇದ. ಬಡಿಸಿಕೊಳ್ರಿ. ಪಾಟೀಲರಿಗೂ ಬಡಸ್ರಿ."

ಏರು ಬಂತು. ಕೈ ತಿರುವಿದೆ. ಅರ್ಧದಲ್ಲಿ, ಹೋದ ವಾರ ನಿಂತಿದ್ದ ಜಾಗದಲ್ಲಿ, ನನ್ನ ಬೆನ್ನಿಗೆ ಅತ್ತೆಯ ಎದೆಬಡಿತ ತಾಗಿತು. ಎಂಜಿನಿನ ದನಿ ಒಂದು ಗಳಿಗೆ ಭಾರವಾಯಿತು; ಪಟ್ಟಾ ಕಚ್ಚಿ ಹಿಡಿಯಿತು. ಕಿರುಚಲಿಲ್ಲ. ಹತ್ತಿತು. ಶಿಂದೆ ತನ್ನ ಗ್ಯಾರೇಜಿನ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದ. ನಾನು ಹಾರ್ನ್ ಬಾರಿಸಿದೆ, ಬೇಕಿರಲಿಲ್ಲ. ಎರಡು ಸಲ ಬಾರಿಸಿದೆ. ಮೇಲೆ ಹೋಗಿ ತಿರುಗಿ ಬಂದು ತೋರಿಸಬೇಕೆಂದು ಪಾಟೀಲರು ಕಾಯುತ್ತಿದ್ದರಂತೆ. ನಾವು ತಿರುಗಲಿಲ್ಲ. ಸ್ವಾರ್‌ಗೇಟ್ ದಾಟಿ, ನದಿಯ ಸೇತುವೆ ದಾಟಿ, ಅತ್ತೆ ದಾರಿಯ ಲಾರಿಗಳಿಗೆಲ್ಲ ಎರಡು ವಾರದ ಬಾಕಿ ಬೈಗುಳ ಬೈಯುತ್ತ, ಸೀದಾ ಯೆರವಡಾ.

ಚಿಗವ್ವ ಮಂಚದ ಮೇಲೆ ಗೋಡೆಗೆ ಒರಗಿ ಬಾಗಿಲನ್ನೇ ನೋಡುತ್ತಿದ್ದರು. ಅಕ್ಕನನ್ನು ಕಂಡದ್ದೇ ಮುಖ ಆಚೆ ತಿರುಗಿಸಿದರು. "ಹೋದ ರವಿವಾರ ದಿನಾ ಪೂರ್ತಿ ಕಾದೆ. ನೀರ ಸುದ್ದಾ ಕುಡೀಲಿಲ್ಲ ನಾ, ಎದ್ದು ಹೋದಾಗ ನೀ ಬಂದಗಿಂದೀ ಅಂತ."

ಏಳಲಾರದ ತಂಗಿಯ ಬಾಯಲ್ಲಿ ಎದ್ದು ಹೋಗುವ ಮಾತು ಕೇಳಿ ಅತ್ತೆ ಅಲ್ಲೇ ಮಂಚದ ಅಂಚಿಗೆ ಕೂತುಬಿಟ್ಟರು. ತಂಗಿಯ ಕೈ ಹಿಡಿದುಕೊಂಡರು. ಇಬ್ಬರ ಕೈಯೂ ಒಂದೇ ನಮೂನೆ, ಗಂಟುಗಂಟು.

"ಗಾಡಿ ಕೆಟ್ಟಿತ್ತ," ಎಂದರು ಅತ್ತೆ. "ನಾ ರಿಪೇರಿ ಮಾಡಿದೆ."

"ನೀ?"

"ಮತ್ತ್ಯಾರು? ಇಕಿ ಬರೇ ನಟ್ಟ ತಿರವಿದಳು. ಹಿಡದಾಕಿ ನಾನ."

ಚಿಗವ್ವ ನನ್ನ ಕಡೆ ನೋಡಿದರು, ಹೌದೋ ಎಂಬಂತೆ. ನಾನು ಹೌದೆಂದು ತಲೆಯಾಡಿಸಿದೆ. ಅವರಿಗೆ ನಗು ತಡೆಯಲಾಗಲಿಲ್ಲ, ಅತ್ತೆಗೂ ಬಂತು. ಅಕ್ಕತಂಗಿ ಇಬ್ಬರೂ ಒಬ್ಬರ ಭುಜಕ್ಕೊಬ್ಬರು ಹಣೆ ಹಚ್ಚಿಕೊಂಡು ಕೆಮ್ಮಿದ್ದೇ ಕೆಮ್ಮಿದ್ದು.

"ಎರಡು ವಾರ ಆತು, ತಲಿ ಭಾಳ ಕಡೀಲಿಕ್ಕತ್ತೇದವಾ ಸುಧಾ," ಎಂದರು ಚಿಗವ್ವ, ಕಣ್ಣೊರೆಸಿಕೊಳ್ಳುತ್ತ.

ನಾನು ಸೆರಗು ಸಿಕ್ಕಿಸಿ ಅಡುಗೆಮನೆಗೆ ಹೋಗಿ, ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ, ಒಲೆ ಹಚ್ಚಿದೆ.